ರಸ್ಕಿನ ಸದ್ದು

ಉಪ್ಪಾರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ಕೆಲಸ ಸಿಕ್ಕಿ ಹುಟ್ಟಿದ ಊರು ಬಿಟ್ಟಾಗಲೇ ಮುದ್ದೆ ಬಿಟ್ಟು ಚಪಾತಿ ಹಿಡಿದವರು. ಟೀ ಜೊತೆ ರಸ್ಕ್ ಇಲ್ಲದಿದ್ದರೆ ಅವರಿಗೆ ಸಂಜೆಯೇ ಆಗುತ್ತಿರಲಿಲ್ಲ. ಅವರ ಕರುಳಿಗೆ ಗೋಧಿ ಆಗುವುದಿಲ್ಲ, ಇನ್ನು ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿದ ಮೇಲೆ ಮತ್ತೆ ಮುದ್ದೆಗೇ ಬಂದರು.

ಸುದ್ದಿ ತಿಳಿದು ಗುಬ್ಬಿ, ಕುಣಿಗಲ್ಲಿನ ನೆಂಟರು ನೋಡಲು ಬಂದರು. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಬರುತ್ತಾರೆಯೇ? ಎಲ್ಲರೂ ಬ್ರೆಡ್ಡು, ಬನ್ನು, ರಸ್ಕನ್ನೇ ತಂದರು. "ಪಾಪ, ಪ್ರೀತಿಯಿಂದ ತಂದವ್ರೆ" ಎಂದು ಮೇಷ್ಟ್ರು ಎಲ್ಲವನ್ನೂ ತೆಗೆದುಕೊಂಡು ಬೀರುವಿನಲ್ಲಿಟ್ಟರು. ಆಮೇಲೆ ಅವರೆದುರೇ ಬಸ್ಸಾರಿನಲ್ಲಿ ಮುದ್ದೆ ಅದ್ದಿ, ತುಪ್ಪ ಸುರಿದುಕೊಂಡು ಗಡದ್ದಾಗಿ ಉಂಡರು. ನೆಂಟರು ಗೇಟಿನ ಹತ್ತಿರ ನಿಂತು, "ಪಾಪ, ಏನೂ ತಿನ್ನಂಗಿಲ್ವಂತೆ" ಎಂದು ಮರುಗಿ ಬಸ್ಸು ಹತ್ತಿದರು.

ಮುಂದೆ ನನಗೆ ಜ್ವರ ಬಂದಾಗ ಮೇಷ್ಟ್ರು ನೋಡಲು ಬಂದರು. ಕೈಯಲ್ಲಿ ಒಂದು ಪೊಟ್ಟಣ ರಸ್ಕ್. ನನ್ನ ಹೆಂಡತಿ ಟೀ ತಂದಿಟ್ಟಳು. ನಾನು ರಸ್ಕನ್ನು ಲೋಟದ ಹತ್ತಿರ ಒಯ್ದೆ. ಮೇಷ್ಟ್ರು ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು, ಲೋಟದ ಮೇಲೆ ಕೈ ಅಡ್ಡ ಹಿಡಿದರು.

"ಅದ್ದಬೇಡಿ, ಹಂಗೇ ಕಡೀರಿ. ಸದ್ದಾದ್ರೂ ಕೇಳ್ತೀನಿ."