ಎಡಚನ ಗೆರೆಗಳು

ಈನಕ್ ಬ್ಯಾಬ್ ತೀರಿಕೊಂಡ ಹನ್ನೊಂದನೆಯ ದಿನ, ಬರ್ಮಿಂಗ್‌ಹ್ಯಾಮಿನ ಬಂದೂಕು ಕೇರಿಯಲ್ಲಿ ಅವನೂ ವಿಲ್ಫ್ರೆಡ್ ಲೆಗ್ಗೆಯೂ ಹಂಚಿಕೊಂಡಿದ್ದ ಕೋಣೆಗೆ ಪೆನ್‌ಹೇಲ್ ಎಂಬ ಸಂಗ್ರಾಹಕ ಹಳೆಯ ಬಂದೂಕೊಂದಿದ್ದ ಚರ್ಮದ ಪೆಟ್ಟಿಗೆ ಹೊತ್ತುಕೊಂಡು ಬಂದ. ವಿಲ್ಫ್ರೆಡ್ ನಳಿಗೆಯ ಕೆಲಸದವನು. ಈನಕ್ ಮೂವತ್ತನಾಲ್ಕು ವರ್ಷ ಎದುರು ಬೆಂಚಿನಲ್ಲಿ ಕೂತು ಅಕ್ರೋಟ್ ಮರದ ಹಿಡಿ ಕೆತ್ತಿದವನು. ಆ ಬೆಂಚಿನ ಹೊಟ್ಟನ್ನು ಇನ್ನೂ ಯಾರೂ ಗುಡಿಸಿರಲಿಲ್ಲ. ದುಃಖಕ್ಕಲ್ಲ, ನೆನಪಾಗಿರಲಿಲ್ಲ.

"ಸಾವಿರದ ಎಂಟುನೂರ ತೊಂಬತ್ತನಾಲ್ಕರದು, ಲಂಡನ್ ಕೆಲಸ. ಇಂಥವು ಆರೇ ಆರು ಮಾಡಿದ್ದಂತೆ," ಎಂದ ಪೆನ್‌ಹೇಲ್. "ಎಲ್ಲಾ ಮೂಲದ್ದೇ ಅಂತ ಒಂದು ಕಾಗದ ಬರ್ಕೊಡಿ ಸಾಕು."

ವಿಲ್ಫ್ರೆಡ್ ಜೋಡಿ ನಳಿಗೆಯನ್ನು ಕಳಚಿ, ಬೆರಳಿಗೆ ತೂಗುಬಿಟ್ಟು, ಉಗುರಿನಿಂದ ತಟ್ಟಿದ. ಗಂಟೆಯ ಹಾಗೆ ನಾದ ಬಂತು, ಬೆಸುಗೆ ಗಟ್ಟಿಯಿತ್ತು. ಬಿಡಿಭಾಗಗಳ ಮೇಲಿನ ಸಂಖ್ಯೆಗಳು ತಾಳೆಯಾದವು. ಪರೀಕ್ಷೆಯ ಮುದ್ರೆಗಳೂ ಸರಿಯಿದ್ದವು. ಆಮೇಲೆ ಕೈ ಜಾರದಂತೆ ಹಿಡಿಯ ಮೇಲೆ ಕೆತ್ತಿದ್ದ ಚೌಕಳಿ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದವನು ಅಲ್ಲೇ ನಿಂತ.

ಬಲಗಡೆಯ ಮೂಲೆಯಲ್ಲಿ ಕೊನೆಯ ಗೆರೆ ಕೂದಲೆಳೆಯಷ್ಟು ಅಂಚು ದಾಟಿತ್ತು. ಈನಕ್ ಎಡಚ. ಕೇರಿಯಲ್ಲಿ ಬೇರೆ ಯಾರ ಉಳಿಯೂ ಆ ಮೂಲೆಯಲ್ಲಿ ಜಾರುತ್ತಿರಲಿಲ್ಲ. "ನಿನ್ನ ಗೆರೆ ಕುಡ್ಕ ಕಣೋ, ಮನೆ ಬಾಗ್ಲು ದಾಟಿ ಒಂದು ಹೆಜ್ಜೆ ಮುಂದೆ ಹೋಗತ್ತೆ," ಎಂದು ವಿಲ್ಫ್ರೆಡ್ಡೇ ಎಷ್ಟೋ ಸಲ ಕೆಣಕಿದ್ದ. "ಬೇಕಂತ್ಲೇ ಬಿಟ್ಟಿದೀನಿ ಮಾರಾಯ. ಇದು ವಿಲ್ಫ್ ಮಾಡಿದ್ದು ಅಂತ ಯಾರಾದ್ರೂ ಅಂದ್ಬಿಟ್ರೆ ನನ್ ಮಾನ ಏನಾಗ್ಬೇಕು?" ಎನ್ನುತ್ತಿದ್ದ ಈನಕ್.

ಹಿಡಿ ಈನಕ್‌ನದು ಎಂಬುದೇನೂ ದೊಡ್ಡ ಮಾತಲ್ಲ. ಮುರಿದ ಹಿಡಿಗೆ ಹೊಸತು ಮಾಡಿಕೊಡುವುದೇ ಅವನ ಕಸುಬು. ಆದರೆ ಗೆರೆಗಳ ತಳದಲ್ಲಿ ಕಪ್ಪು ಕೂತಿತ್ತು. ಎಣ್ಣೆಯಲ್ಲಿ ಕಲಸಿದ ಮಸಿ. ಹೊಸ ಮರವನ್ನು ಹಳತೆಂದು ಮಾರುವವರ ಕೆಲಸ. ಹಿಂದೊಮ್ಮೆ ಒಬ್ಬ ವ್ಯಾಪಾರಿ ಇದನ್ನೇ ಮಾಡಿಕೊಡೆಂದಾಗ, ಈನಕ್ ಅವನು ಕೊಡಿಸಿದ ಬಿಯರನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ, "ಮರಕ್ಕೆ ಸುಳ್ಳು ಕಲಿಸೋಕೆ ನನ್ನಿಂದಾಗಲ್ಲ," ಎಂದಿದ್ದ. ಮಕ್ಕಳಿಲ್ಲ, ಆಸ್ತಿಯಿಲ್ಲ, ಚಾವಣಿಯ ಮೇಲೆ ಒಂಬತ್ತು ಪಾರಿವಾಳ. ಅವನ ಬಗ್ಗೆ ಕೇರಿಯಲ್ಲಿ ಹೇಳುವುದಕ್ಕಿದ್ದದ್ದು ಮರಕ್ಕೆ ಸುಳ್ಳು ಕಲಿಸದವನು ಎಂಬ ಒಂದು ಮಾತು. ಶವಪೆಟ್ಟಿಗೆಯ ಮುಂದೆ ಪಾದ್ರಿ ಹೇಳಿದ್ದೂ ಅದನ್ನೇ. ಪಾದ್ರಿಗೆ ಹೇಳಿಕೊಟ್ಟವನು ವಿಲ್ಫ್ರೆಡ್.

ಅವನು ಪಕ್ಕದ ತಗಡು ಬಿಚ್ಚಿ ಒಳಗೆ ನೋಡಿದ. ಒಳಮರ ಬಿಸ್ಕತ್ತಿನ ಬಣ್ಣಕ್ಕಿತ್ತು, ಮಸಿ ಸೋಕಿರಲಿಲ್ಲ. ಹಾಗಾದರೆ ಈನಕ್ ಮಾಡಿಕೊಟ್ಟ ಮೇಲೆ ಬೇರೆ ಯಾರೋ ಹೊರಗೆ ಬಳಿದಿರಬಹುದು. ಈನಕ್‌ನೇ ಬಳಿದು, ಒಳಗಿನದನ್ನು ಬಿಟ್ಟಿರಲೂಬಹುದು. ಸಿಟ್ಟೋ ಅಳುವೋ ಬರಬಹುದೆಂದು ವಿಲ್ಫ್ರೆಡ್ ಸ್ವಲ್ಪ ಹೊತ್ತು ಕಾದ. ಯಾವುದೂ ಬರಲಿಲ್ಲ.

"ಹಿಡಿ ಮೂಲದ್ದಲ್ಲ," ಎಂದ. "ಆ ಬೆಂಚಲ್ಲಿ ಆದದ್ದು. ಕೆತ್ತಿದೋನು ಹೋದ ವಾರ ಮಣ್ಣಾದ. ಮೇಲೆ ಮಸಿ ಬಳಿದಿದೆ."

ಪೆನ್‌ಹೇಲ್ ಟೋಪಿ ತೆಗೆದ. ಕೆಟ್ಟವನಲ್ಲ. "ಹಿಡಿ ಬದಲಾಗಿದೆ ಅಂತಷ್ಟೇ ಬರೀರಿ. ಮಸಿ ಮಾತು ಯಾಕೆ? ಸತ್ತೋರ ಹೆಸರು ಕೆಡಿಸೋದು ನನಗೂ ಬೇಡ."

"ಮಸಿ ಬಿಟ್ರೆ ಕಾಗದ ಪೂರ್ತಿ ಆಗಲ್ಲ."

"ಹಾಗಾದ್ರೆ ಅವರ ಹೆಸರನ್ನಾದ್ರೂ ಬಿಡಿ."

"ಮೂವತ್ತನಾಲ್ಕು ವರ್ಷ ಕೆತ್ತಿದಾನೆ, ಎಲ್ಲಾದರ ಮೇಲೂ ಯಾವುದೋ ಲಂಡನ್ ಹೆಸರು. ಬಿಡಲ್ಲ."

ಅವನು ಬರೆದ: ಹಿಡಿ, ಬರ್ಮಿಂಗ್‌ಹ್ಯಾಮಿನ ಈನಕ್ ಬ್ಯಾಬ್ ಮಾಡಿದ್ದು. ಹೊರಗೆ ಮಸಿ ಬಳಿಯಲಾಗಿದೆ. ಮುಂದಿನ ಸಾಲಿಗೆ ಪೆನ್ನು ನಿಂತಿತು. 'ಬೇರೆಯವರಿಂದ' ಎಂದು ಬರೆಯುವ ಆಸೆಯಿತ್ತು. 'ಯಾರಿಂದೆಂದು ತಿಳಿಯದು' ಎಂದು ಬರೆದ.

ಪೆನ್‌ಹೇಲ್ ಓದಿಕೊಂಡ. "ಅವರು ಬಳಿದಿಲ್ಲ ಅಂತ ನಿಮಗೆ ನಂಬಿಕೆ ಇಲ್ವಾ?"

"ಇದೆ. ಆದ್ರೆ ನಾನು ನೋಡಿಲ್ಲ."

ಸಹಿ ಹಾಕಿದ ಮೇಲೆ, ಹನ್ನೊಂದು ದಿನದಿಂದ ಲೆಕ್ಕ ತಪ್ಪಿದ್ದ ವಿಲ್ಫ್ರೆಡ್ ಇವತ್ತು ತಾರೀಖು ಎಷ್ಟೆಂದು ಕೇಳಿದ. ಪೆನ್‌ಹೇಲ್ ಹೇಳಿದ. ಅದನ್ನೂ ಬರೆದ.