ಪಣಕಹಳ್ಳಿಯ ಮೇಲೆ ಸದ್ದಿಲ್ಲದೆ ಬಂದ ವಿಮಾನ

ನನ್ನ ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ ಇದ್ದಾಗ ವಾಯುಪಡೆಯ ನಮ್ಮ ಫೈಟರ್ ಸ್ಕ್ವಾಡ್ರನ್ನಿಗೆ, ಅಂದರೆ ಯುದ್ಧವಿಮಾನಗಳ ದಳಕ್ಕೆ, ನಂಬರ್ ಪ್ಲೇಟಿಂಗ್ ಆದೇಶ ಬಂತು. ನಾನಾಗ ವಾರಂಟ್ ಆಫೀಸರ್. ಇಂಜಿನ್ ವಿಭಾಗದ ಮೇಲ್ವಿಚಾರಕ. ನಂಬರ್ ಪ್ಲೇಟಿಂಗ್ ಎಂದರೆ ಸ್ಕ್ವಾಡ್ರನ್ನನ್ನು ರದ್ದು ಮಾಡುವುದಲ್ಲ. ಹಳೆಯ ವಿಮಾನಗಳು ಸೇವೆಯಿಂದ ಹೋಗುತ್ತವೆ, ಜನ ಬೇರೆ ಬೇರೆ ಕಡೆ ವರ್ಗವಾಗುತ್ತಾರೆ, ಸ್ಕ್ವಾಡ್ರನ್ನಿನ ಸಂಖ್ಯೆ, ಲಾಂಛನ, ಬೆಳ್ಳಿಯ ಪಾರಿತೋಷಕಗಳು, ದಿನಚರಿ ಪುಸ್ತಕಗಳು ಎಲ್ಲವೂ ಪೆಟ್ಟಿಗೆ ಸೇರುತ್ತವೆ. ಎಂದಾದರೂ ಹೊಸ ವಿಮಾನ ಬಂದರೆ ಅದೇ ಸಂಖ್ಯೆಗೆ ಮತ್ತೆ ಜೀವ ಬರಬಹುದು. ಬಾರದೆಯೂ ಇರಬಹುದು.

ಪೆಟ್ಟಿಗೆ ಮುಚ್ಚುವ ಮೊದಲು ಸ್ಕ್ವಾಡ್ರನ್ನಿನ ಇತಿಹಾಸ ಬರೆಸಬೇಕೆಂದು ನಮ್ಮ ಕಮಾಂಡಿಂಗ್ ಆಫೀಸರ್ ತೀರ್ಮಾನಿಸಿದರು. ಅವರನ್ನು ನಾವು ಸಿ.ಓ. ಎನ್ನುತ್ತಿದ್ದೆವು. ಒಂದು ಬೆಳಿಗ್ಗೆ ನನ್ನನ್ನು ಕರೆಸಿ, "ನಿಮ್ಮ ಮೊದಲ ಪೋಸ್ಟಿಂಗ್ ಇಲ್ಲೇ ಆಗಿತ್ತು, ಕೊನೆಯದೂ ಇಲ್ಲೇ. ಹಳೆಯ ದಿನಚರಿಗಳನ್ನು ಓದಿ ಒಂದು ಕರಡು ಮಾಡಿಕೊಡಿ" ಎಂದರು. ಆಗುವುದಿಲ್ಲ ಎನ್ನಲು ನನ್ನ ಬಳಿ ಕಾರಣವಿತ್ತು. ಆದರೆ ಅದು ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಪ್ರತಿ ಸ್ಕ್ವಾಡ್ರನ್ನಿಗೂ ಅದರದೇ ಸಂಪ್ರದಾಯಗಳಿರುತ್ತವೆ. ಹೊಸ ಪೈಲಟ್ ಮೊದಲ ಬಾರಿ ಒಬ್ಬನೇ ಹಾರಿ ಇಳಿದಾಗ ನಮ್ಮಲ್ಲಿ ಅವನ ಹೆಲ್ಮೆಟ್ಟಿನಲ್ಲೇ ನೀರು ತುಂಬಿ ತಲೆಗೆ ಸುರಿಯುತ್ತಿದ್ದರು. ಕ್ರೂ ರೂಮಿನ ಗೋಡೆಯಲ್ಲಿ ಪ್ರತಿ ಪೈಲಟ್‌ನ ಹೆಸರು ಬರೆದ ಟೀ ಮಗ್ ಕೊಕ್ಕೆಗೆ ತೂಗುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಸ್ಥಾಪನಾ ದಿನದ ಹಾಜರಿ. ಆ ಸಂಜೆ ಎಲ್ಲರೂ ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದೆವು. ಸ್ಕ್ವಾಡ್ರನ್ನಿನಲ್ಲಿದ್ದಾಗ ಪ್ರಾಣ ಕಳೆದುಕೊಂಡ ಪೈಲಟ್‌ಗಳ ಹೆಸರುಗಳನ್ನು ಸಿ.ಓ. ಒಂದೊಂದಾಗಿ ಕೂಗುತ್ತಿದ್ದರು. ಪ್ರತಿ ಹೆಸರಿಗೂ ಅತಿ ಕಿರಿಯ ಪೈಲಟ್ "ಹಾಜರ್ ಸರ್" ಎಂದು ಉತ್ತರಿಸಬೇಕು. ಯುದ್ಧದಲ್ಲಿ ಸತ್ತವರು, ಅಪಘಾತದಲ್ಲಿ ಸತ್ತವರು ಎಂಬ ಭೇದವಿರಲಿಲ್ಲ. ಆದರೆ ಮೊದಲಿನ ಯಾರೋ ಸಿ.ಓ. ಒಬ್ಬರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಆಜ್ಞೆ ಮೀರಿ ಹಾರಿ ಸತ್ತವನ ಹೆಸರು ಕೂಗಕೂಡದು.

ಹಾಗೆ ಬಿಟ್ಟುಹೋದ ಹೆಸರು ಒಂದೇ ಒಂದು. ಫ್ಲೈಯಿಂಗ್ ಆಫೀಸರ್ ಕರಂದೀಕರ್.

ದಿನಚರಿಯಲ್ಲಿ ಅವನ ಪುಟ ಸಿಕ್ಕಿದಾಗ ಅದರಲ್ಲಿ ನಾಲ್ಕೇ ಸಾಲುಗಳಿದ್ದವು. ತಾಳವಾಡಿ ಬೆಟ್ಟಸೀಮೆಯ ಮೇಲೆ ತರಬೇತಿ ಹಾರಾಟ, ಅನುಮತಿಯಿಲ್ಲದೆ ತೀರಾ ಕೆಳಗೆ ಹಾರಿದ್ದು, ಗುಡ್ಡಕ್ಕೆ ಬಡಿದದ್ದು, ಪೈಲಟ್ ಮೃತ. ಜೊತೆಗಿದ್ದ ಕಡತದಲ್ಲಿ ಅವನ ತಾಯಿ ಬರೆದ ಎರಡು ಪತ್ರಗಳಿದ್ದವು. "ನನ್ನ ಮಗ ಹೇಳಿದ ಮಾತು ಮೀರುವವನಲ್ಲ, ದಯವಿಟ್ಟು ಇನ್ನೊಮ್ಮೆ ವಿಚಾರಿಸಿ" ಎಂದು ಎರಡರಲ್ಲೂ ಇತ್ತು. ಎರಡಕ್ಕೂ ಒಂದೇ ಬಗೆಯ ಸರ್ಕಾರಿ ಉತ್ತರ ಹೋಗಿತ್ತು.

ಆ ಅಪಘಾತ ನಡೆದದ್ದು ನಾನು ಆ ಪುಟ ತೆರೆಯುವುದಕ್ಕೆ ಮೂವತ್ತಮೂರು ವರ್ಷ ಮೊದಲು. ಆಗ ನಾನು ಇಪ್ಪತ್ತನಾಲ್ಕರ ಕಾರ್ಪೊರಲ್, ಇಂಜಿನ್ ಫಿಟ್ಟರ್. ಕರಂದೀಕರ್ ನನಗಿಂತ ಒಂದು ವರ್ಷ ಚಿಕ್ಕವನು. ಅಪಘಾತದ ಹಿಂದಿನ ದಿನ ಅವನು ಹಾರಿ ಇಳಿದಾಗ ಏಣಿ ಇಟ್ಟವನು ನಾನೇ. ಹೆಲ್ಮೆಟ್ ತೆಗೆಯುತ್ತಾ, "ಥ್ರಾಟಲ್ ಹಿಂದಕ್ಕೆ ಎಳೆದಾಗ ಇಂಜಿನ್ ಒಂದು ಕ್ಷಣ ಉಸಿರು ಹಿಡಿದ ಹಾಗಾಯಿತು, ನೋಡು" ಎಂದ. ಥ್ರಾಟಲ್ ಎಂದರೆ ಇಂಜಿನ್ನಿನ ಬಲವನ್ನು ಏರಿಸಿ ಇಳಿಸುವ ಹಿಡಿ. ನಾನು ನೆಲದ ಮೇಲೆ ಎರಡು ಸಲ ಇಂಜಿನ್ ಓಡಿಸಿ ನೋಡಿದೆ. ಏನೂ ಸಿಗಲಿಲ್ಲ.

ಪ್ರತಿ ವಿಮಾನಕ್ಕೂ ಫಾರ್ಮ್ ಸೆವೆನ್ ಹಂಡ್ರೆಡ್ ಎಂಬ ಪುಸ್ತಕವಿರುತ್ತದೆ. ಪೈಲಟ್ ಕಂಡ ದೋಷವನ್ನೂ ನಾವು ಮಾಡಿದ ರಿಪೇರಿಯನ್ನೂ ಅದರಲ್ಲಿ ಬರೆದು ಸಹಿ ಹಾಕಬೇಕು. ನಾನು ಕೇಳಿದೆ: "ಬರೆಯಲೇ ಸರ್?"

"ಬರೆದರೆ ನಾಳೆ ವಿಮಾನ ನಿಂತುಬಿಡುತ್ತೆ. ಇನ್ನೊಂದು ಸಲ ಹಾಗಾದರೆ ಬರೆಯೋಣ."

ಆ ವಾರ ಹಾರಲು ಯೋಗ್ಯವಾದ ವಿಮಾನಗಳು ಕಡಿಮೆ ಇದ್ದವು. ಇಬ್ಬರೂ ಚಿಕ್ಕವರು, ಇಬ್ಬರಿಗೂ ಕೆಲಸ ನಿಲ್ಲಬಾರದೆಂಬ ಹುರುಪು. ಮರುದಿನ ಬೆಳಿಗ್ಗೆ ದೋಷವಿಲ್ಲವೆಂದು ನಾನು ಸಹಿ ಹಾಕಿದೆ. ನನ್ನ ಸಹಿಯ ಕೆಳಗೆ ಅವನು ಹಾಕಿದ. ಎರಡು ವಿಮಾನಗಳು ಹೋದವು, ಒಂದು ಬಂತು. ಮುಂದಿದ್ದ ಪೈಲಟ್‌ಗೆ ರೇಡಿಯೋದಲ್ಲಿ ಅರ್ಧ ಪದವೊಂದು ಕೇಳಿಸಿತ್ತಂತೆ, ಆಮೇಲೆ ಏನೂ ಇಲ್ಲ.

ವಿಚಾರಣೆಯ ತಂಡದ ಜೊತೆ ನನ್ನನ್ನೂ ಕಳಿಸಿದರು. ನಾನು ಇಂಜಿನ್ ಬಲ್ಲವನೆಂದಲ್ಲ, ಕೊಳ್ಳೇಗಾಲದವನೆಂದು. ತಾಳವಾಡಿ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಾದರೂ ಅಲ್ಲಿನ ಜನರ ಮನೆಮಾತು ನಮ್ಮ ಕಡೆಯ ಕನ್ನಡವೇ. ದಿಂಬಂ ಘಾಟಿ ಹತ್ತಿ ಪಣಕಹಳ್ಳಿ ತಲುಪಿದಾಗ ಗುಡ್ಡದ ಕೊರಕಲಲ್ಲಿ ವಿಮಾನ ಸುಟ್ಟು ಕರಕಲಾಗಿತ್ತು. ಇಂಜಿನ್ ಬಂಡೆಗೆ ಬಡಿದು ಗುರುತು ಸಿಗದಂತಾಗಿತ್ತು. ಅದು ಬೀಳುವಾಗ ನಡೆಯುತ್ತಿತ್ತೋ ಇಲ್ಲವೋ ಎಂದು ಹೇಳುವುದು ಸಾಧ್ಯವಿರಲಿಲ್ಲ. ಉಳಿದದ್ದು ಕಂಡವರ ಮಾತು.

ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಎಂಟು ಜನ ಹೆಂಗಸರು ಕಂಡಿದ್ದರು. ಅವರೆಲ್ಲ ಸೇರಿ ಮಾದೇವಮ್ಮ ಎಂಬ ಮೂವತ್ತರ ಆಸುಪಾಸಿನ ಗೃಹಿಣಿಯನ್ನು ಮುಂದಕ್ಕೆ ತಳ್ಳಿದರು. ತಂಡದ ಮುಖ್ಯಸ್ಥರು ಹಿಂದಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಿದೆ: "ಅಕ್ಕ, ಏನು ನೋಡಿದ್ರಿ?"

"ಸದ್ದೇ ಇರ್ನಿಲ್ಲ ಕಣಪ್ಪ" ಎಂದರು ಆಕೆ. "ಒಲ್ದಲ್ಲಿ ಕಳೆ ಕೀಳ್ತಿದ್ದೊ. ಬೆನ್ನ ಮ್ಯಾಲೆ ನೆಳ್ಳು ಬಂತು. ಮೋಡ ಅನ್ಕಂಡು ತಲೆ ಎತ್ತುದ್ರೆ ಇದು. ಗರುಡ ತೇಲ್ದಂಗೆ ತೇಲ್ಕಂಡು ಬತ್ತಾ ಅದೆ. ಸೀದಾ ಅಳ್ಳಿ ಕಡೀಕೆ ಬತ್ತಿದ್ದುದ್ದು ಓರೆ ಆಗಿ, ಮನೆಗೋಳ್ನೆಲ್ಲ ಬುಟ್ಟು, ಗುಡ್ಡದ ಕಡೀಕೆ ತಿರಿಕಂಡೋಯ್ತು."

ಇಂಜಿನ್ ನಿಂತಿತ್ತು. ಅವನು ಆಟಕ್ಕೆ ಕೆಳಗೆ ಹಾರಿರಲಿಲ್ಲ, ಮೇಲೆ ಉಳಿಯಲು ಆಗದೆ ಬರುತ್ತಿದ್ದ. ಊರಿನ ಮೇಲೆ ಬೀಳದಂತೆ ತಿರುಗಿಸುತ್ತಾ ಹೊರಗೆ ಜಿಗಿಯುವ ಸಮಯವನ್ನು ಕಳೆದುಕೊಂಡಿದ್ದ. ಆಕೆಯ ಮಾತಿನಲ್ಲಿ ಇದೆಲ್ಲವೂ ಇತ್ತು. ನನ್ನ ಕಣ್ಣಿಗೆ ಕಂಡದ್ದು ಮಾತ್ರ ನನ್ನ ಸಹಿ.

"ಬಹಳ ಕೆಳಗೆ ಬಂತಂತೆ ಸರ್. ತಲೆಯ ಮೇಲೇ ಹಾದುಹೋಯಿತಂತೆ" ಎಂದೆ.

"ಸದ್ದಿನ ಬಗ್ಗೆ ಏನಾದರೂ ಹೇಳಿದರಾ?"

"ಹೆದರಿದ್ದಾರೆ ಸರ್. ಅದು ಸರಿಯಾಗಿ ನೆನಪಿಲ್ಲವಂತೆ."

ಅವರು ಬರೆದುಕೊಂಡರು. ಮಾದೇವಮ್ಮ ಒಮ್ಮೆ ಆ ಕಾಗದವನ್ನು, ಒಮ್ಮೆ ನನ್ನ ಮುಖವನ್ನು ನೋಡಿದರು. ಯಾರೂ ನನ್ನನ್ನು ಮತ್ತೇನೂ ಕೇಳಲಿಲ್ಲ.

ಆಮೇಲೆ ನಾನು ಅನೇಕ ಊರುಗಳಲ್ಲಿ ಕೆಲಸ ಮಾಡಿದೆ. ಒಳ್ಳೆಯ ಫಿಟ್ಟರ್ ಎಂಬ ಹೆಸರೂ ಬಂತು. ಪೈಲಟ್ ಬಾಯಲ್ಲಿ ಬಂದ ಸಣ್ಣ ಅನುಮಾನವನ್ನೂ ಬರೆಯದೆ ಬಿಡದವನು ಎಂದು ಮೇಲಿನವರು ಹೊಗಳುತ್ತಿದ್ದರು. ಇಂಜಿನ್ ಅಬ್ಬರಿಸುತ್ತಿರುವಾಗ ನನಗೇನೂ ಆಗುತ್ತಿರಲಿಲ್ಲ. ಪರೀಕ್ಷೆ ಮುಗಿದು ಅದನ್ನು ಆರಿಸಿದಾಗ, ಆ ಕೂಗು ಇಳಿಯುತ್ತಾ ಇಳಿಯುತ್ತಾ ಸಿಳ್ಳೆಯಾಗಿ, ಸಿಳ್ಳೆಯೂ ನಿಂತುಹೋಗುವ ಹೊತ್ತಿಗೆ, ಬೆನ್ನ ಮೇಲೆ ಏನೋ ಹಾದುಹೋದಂತಾಗುತ್ತಿತ್ತು. ನಡುಹಗಲಲ್ಲೂ ತಲೆ ಎತ್ತಿ ನೋಡುತ್ತಿದ್ದೆ. ಸಹೋದ್ಯೋಗಿಗಳು ನನಗೆ ಕುತ್ತಿಗೆ ನೋವಿದೆ ಎಂದುಕೊಂಡಿದ್ದರು. ಕೊನೆಯ ಪೋಸ್ಟಿಂಗಿಗೆ ಮತ್ತೆ ಅದೇ ಸ್ಕ್ವಾಡ್ರನ್ನಿಗೆ ಬಂದ ಮೇಲೆ ಸ್ಥಾಪನಾ ದಿನ ಹಿಂದಿನ ಸಾಲಿನಲ್ಲಿ ನಿಂತು ಹಾಜರಿ ಕೇಳುತ್ತಿದ್ದೆ. ಕೊನೆಯ ಹೆಸರು ಮುಗಿದ ಮೇಲೂ ನನ್ನ ಕಿವಿ ಇನ್ನೊಂದು ಹೆಸರಿಗಾಗಿ ಕಾಯುತ್ತಿತ್ತು.

ಈಗ ಅದೇ ಪುಟವನ್ನು ನನ್ನ ಕೈಯಿಂದ ನಕಲು ಮಾಡಬೇಕಾಗಿ ಬಂದಿತ್ತು. 'ಅನುಮತಿಯಿಲ್ಲದೆ' ಎಂದು ಎರಡು ಸಲ ಬರೆದು ಎರಡು ಸಲವೂ ಹಾಳೆ ಹರಿದೆ. ನಾಲ್ಕು ದಿನ ರಜೆ ಹಾಕಿ ಚಾಮರಾಜನಗರದಿಂದ ತಾಳವಾಡಿಯ ಬಸ್ಸು ಹತ್ತಿದೆ.

ಪಣಕಹಳ್ಳಿಯಲ್ಲಿ ಮಾದೇವಮ್ಮನ ಮನೆ ಕೇಳಿದಾಗ ಹೊಲದಲ್ಲಿದ್ದಾರೆಂದು ತೋರಿಸಿದರು. ಅರವತ್ತು ದಾಟಿದ ಆಕೆ ಮುಸುಕಿನ ಜೋಳದ ತೆನೆ ಮುರಿಯುತ್ತಿದ್ದರು. ನಾನು ನನ್ನ ಪರಿಚಯ ಹೇಳಲು ಬಾಯಿ ತೆರೆಯುವ ಮೊದಲೇ ಆಕೆ ಕಣ್ಣು ಕಿರಿದು ಮಾಡಿದರು.

"ಏರೋಪ್ಲೇನ್ ಬಿದ್ದಾಗ ಬಂದಿದ್ದೋನಲ್ವಾ ನೀನು? ಮಾತು ತಿರುಗ್ಸಿ ಏಳ್ತಿದ್ದೋನು?"

"ಹೌದು ಅಕ್ಕ" ಎಂದೆ.

"ನಾ ಏಳಿದ್ದು ಇಷ್ಟುದ್ದ. ನೀ ಅವ್ರಿಗೆ ಏಳಿದ್ದು ಚೋಟುದ್ದ. ಅವತ್ತೇ ಅನ್ಕಂಡೆ, ಈ ಉಡ್ಗ ಏನೋ ನುಂಗ್ಬುಟ್ಟ ಅಂತ. ಯಾರ್ನ ಕೇಳ್ಲಿ? ನಮ್ ಮಾತು ಅವ್ರಿಗೆ ಬರದು, ಅವ್ರ ಮಾತು ನಮ್ಗೆ ಬರದು."

ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಥ್ರಾಟಲ್, ಪುಸ್ತಕ, ಸಹಿ, ಹಾಜರಿಯಲ್ಲಿ ಕೂಗದ ಹೆಸರು. ಹೆಂಡತಿಗೂ ಹೇಳಿರದ ಮಾತುಗಳು. ಆಕೆ ತೆನೆಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಮುಗಿದ ಮೇಲೆ ಗುಡ್ಡದ ಕಡೆ ನೋಡುತ್ತಾ ಹೇಳಿದರು:

"ಅವನು ತಿರುಗಿಸ್ದೆ ಇದ್ದಿದ್ರೆ ನಮ್ ಕೇರಿ ಮ್ಯಾಲೆ ಬೀಳದು. ನಮ್ಮೊಗ ತೊಟ್ಲಲ್ಲಿತ್ತು ಆಗ. ಮಾರ್ಲಾಮಿ ಅಬ್ಬದಲ್ಲಿ ಸತ್ತೋದ ಇರೀಕರಿಗೆ ಎಡೆ ಇಕ್ವಾಗ ಅವನಿಗೂ ಒಂದೆಲೆ ಆಕ್ತಾ ಬಂದಿವ್ನಿ. ಎಸರು ಗೊತ್ತಿಲ್ಲ. ಏರೋಪ್ಲೇನಪ್ಪ ಬಂದು ಉಣ್ಣಪ್ಪ ಅಂತೀನಿ."

ನಾವು ಯೂನಿಫಾರಂ ತೊಟ್ಟವರು ಕೂಗದವನನ್ನು ಈಕೆ ವರ್ಷಕ್ಕೊಮ್ಮೆ ಊಟಕ್ಕೆ ಕರೆಯುತ್ತಿದ್ದರು. ನಾನು ಅವನ ಹೆಸರು ಹೇಳಿದೆ. ಆಕೆ "ಕರಂದಿ... ಕರಂದೀಕರ" ಎಂದು ಎರಡು ಮೂರು ಸಲ ಹೇಳಿಕೊಂಡು, "ಉದ್ದುಕ್ಕಾಯ್ತು. ಕಲ್ತ್ಕತೀನಿ ಬುಡು" ಎಂದರು.

ಆಕೆ ಅಂದು ಹೇಳಿದ್ದನ್ನು, ಈ ಸಲ ಒಂದು ಮಾತೂ ಬಿಡದೆ, ಬರೆದುಕೊಂಡೆ. ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿದರು.

ವಾಯುನೆಲೆಗೆ ಮರಳಿದ ದಿನವೇ ಸಿ.ಓ. ಕೊಠಡಿಗೆ ಹೋಗಿ ಆ ಕಾಗದವನ್ನೂ ನನ್ನ ತಪ್ಪೊಪ್ಪಿಗೆಯನ್ನೂ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು. ಆ ಅಪಘಾತವಾದಾಗ ಅವರು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದವರು.

"ಅವನು ಊರು ಉಳಿಸಿದ. ನೀವು ಸಹಿ ಉಳಿಸಿಕೊಂಡಿರಿ" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಹೌದು ಸರ್."

"ವಿಚಾರಣೆಯ ತೀರ್ಪನ್ನು ತಿದ್ದುವ ಅಧಿಕಾರ ನನಗಿಲ್ಲ. ಇದು ಹೆಡ್‌ಕ್ವಾರ್ಟರ್ಸ್‌ಗೆ ಹೋಗುತ್ತದೆ, ನಿಮ್ಮ ಮೇಲೂ ಕ್ರಮವಾಗಬಹುದು. ಆದರೆ ಹಾಜರಿ ಸ್ಕ್ವಾಡ್ರನ್ನಿನದು. ಅದನ್ನು ನಾನು ನೋಡಿಕೊಳ್ಳುತ್ತೇನೆ."

ಮುಂದಿನ ತಿಂಗಳು ಕೊನೆಯ ಸಮಾರಂಭ ನಡೆಯಿತು. ನಾಲ್ಕು ವಿಮಾನಗಳು ಕೊನೆಯ ಸಲ ಮೈದಾನದ ಮೇಲೆ ಹಾರಿ ಇಳಿದವು. ಲಾಂಛನದ ಬಾವುಟವನ್ನು ಇಳಿಸಿ ಮಡಿಚುವ ಮೊದಲು ಸಿ.ಓ. ಹಾಜರಿ ಕೂಗತೊಡಗಿದರು. ಪಟ್ಟಿ ಮುಗಿಯಿತು. ಮಡಿಚಲು ನಿಂತವರು ಒಂದು ಹೆಜ್ಜೆ ಮುಂದಿಟ್ಟಿದ್ದರು. ಸಿ.ಓ. ಕೈ ಎತ್ತಿ ಅವರನ್ನು ತಡೆದು, "ಫ್ಲೈಯಿಂಗ್ ಆಫೀಸರ್ ಕರಂದೀಕರ್" ಎಂದು ಕೂಗಿದರು.

ಅತಿ ಕಿರಿಯ ಪೈಲಟ್ ಆಗ ಒಬ್ಬಳು ಹುಡುಗಿ. ಆ ಹೆಸರನ್ನು ಅವಳು ಎಂದೂ ಕೇಳಿರಲಿಲ್ಲ. ಕ್ಷಣಕಾಲ ತಡೆದು, "ಹಾಜರ್ ಸರ್" ಎಂದಳು. ಆ ತಡೆದ ಕ್ಷಣದಲ್ಲಿ, ಆರಿಹೋಗುವ ಇಂಜಿನ್ನಿನ ಅದೇ ಸಿಳ್ಳೆ ನನಗೆ ಕೇಳಿಸಿತೆಂದರೆ ನೀವು ನಂಬುವುದಿಲ್ಲ. ಆ ಸಲ ನಾನು ತಲೆ ಎತ್ತಲಿಲ್ಲ ಎಂದಷ್ಟೇ ಹೇಳಬಲ್ಲೆ.

ನನ್ನ ನಿವೃತ್ತಿಯ ವಾರ ಹೆಡ್‌ಕ್ವಾರ್ಟರ್ಸ್‌ನಿಂದ ಉತ್ತರ ಬಂತು. ಅಪಘಾತದ ಕಾರಣವನ್ನು 'ಖಚಿತವಾಗಿಲ್ಲ' ಎಂದು ಬದಲಿಸಿ, ಮಾದೇವಮ್ಮನ ಹೇಳಿಕೆಯನ್ನು ಕಡತಕ್ಕೆ ಸೇರಿಸಿದ್ದರು. ಇಂಜಿನ್ ನಿಂತಿತ್ತೆಂದು ಒಪ್ಪಲು ಇಷ್ಟು ವರ್ಷಗಳ ಮೇಲೆ ಪುರಾವೆ ಉಳಿದಿರಲಿಲ್ಲ. ನನಗೆ ಲಿಖಿತ ಛೀಮಾರಿ ಬಂತು, ಅಷ್ಟೆ. ಸಿ.ಓ. ಕರಂದೀಕರ್ ಮನೆಯವರನ್ನು ಹುಡುಕಿಸಿದರು. ಅಣ್ಣನೊಬ್ಬ ಫೋನಿನಲ್ಲಿ ಸಿಕ್ಕ. ತಂದೆ ಬಹಳ ಹಿಂದೆಯೇ ಹೋಗಿದ್ದರು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು.

ನಿವೃತ್ತನಾದ ಮೇಲೆ ಇದನ್ನು ತಿಳಿಸಲು ಮತ್ತೆ ಪಣಕಹಳ್ಳಿಗೆ ಹೋದೆ. ಮಾದೇವಮ್ಮ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಹೆಸರು ಕೂಗಿದ್ದನ್ನು ಕೇಳಿ ತಲೆಯಾಡಿಸಿದರು. ಆಮೇಲೆ ಕೇಳಿದರು:

"ಅವ್ರವ್ವ ಕೇಳುಸ್ಕಂಡ್ಳಾ?"

"ಇಲ್ಲ ಅಕ್ಕ. ಹೋಗಿಬಿಟ್ಟಿದ್ದರು."

ಆಕೆ ನನ್ನನ್ನು ಬಯ್ಯಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಈಗ ತಾಂತ್ರಿಕ ತರಬೇತಿ ಪಡೆಯುವ ಹುಡುಗರಿಗೆ ನಾಲ್ಕು ಮಾತು ಹೇಳಿ ಎಂದು ಕೆಲವೊಮ್ಮೆ ನನ್ನನ್ನು ಕರೆಯುತ್ತಾರೆ. ಇಂಜಿನ್ನಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅದು ಪುಸ್ತಕದಲ್ಲಿದೆ. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ತಲುಪಿಸುವ ಕೆಲಸ ನಿಮ್ಮ ಮೇಲೆ ಬಿದ್ದರೆ ಪೂರ್ತಿ ತಲುಪಿಸಿ, ಅವತ್ತೇ ತಲುಪಿಸಿ ಎನ್ನುತ್ತೇನೆ. ನಿಮಗೆ ಧೈರ್ಯ ಬರುವ ತನಕ ಕೇಳಬೇಕಾದವರು ಬದುಕಿರುವುದಿಲ್ಲ.