ಜಾಕಿಗಳ ಜೊತೆ ನಾಲ್ಕು ತಾಲ್ಲೂಕು

ಅಂತರಸಂತೆಯ ಆಚೆ, ಕಾಕನಕೋಟೆ ಕಾಡಂಚಿನ ಗಿರಿಜನರ ಹಾಡಿಯಿಂದ ನಮ್ಮ ಲಾರಿ ಹೊರಟಾಗ ಬೆಳಗಿನ ಸೋನೆ ಇನ್ನೂ ನಿಂತಿರಲಿಲ್ಲ. ಹಿಂದೆ ಕಬ್ಬಿಣದ ಜಾಕಿಗಳು, ಮುಂದೆ ಡ್ರೈವರ್ ಸ್ವಾಮಣ್ಣ, ಪಕ್ಕದಲ್ಲಿ ನಾನು. ತಾರಸಿಯ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಕೆಳಗಿನಿಂದ ಹೊತ್ತು ನಿಲ್ಲುವ ಕಂಬಗಳಿಗೆ ನಮ್ಮ ಕಡೆ ಜಾಕಿ ಎನ್ನುತ್ತಾರೆ. ಅಪ್ರೆಂಟಿಸ್ ಇಂಜಿನಿಯರನ ಬಾಳೂ ಹೆಚ್ಚುಕಮ್ಮಿ ಅದೇ. ನಿಲ್ಲಿಸಿದಲ್ಲಿ ನಿಲ್ಲಬೇಕು, ಬಿಚ್ಚಿದಾಗ ಲಾರಿ ಹತ್ತಬೇಕು.

ಹಾಡಿಯವರಿಗೆಂದು ಕಟ್ಟುತ್ತಿದ್ದ ಸಾಲುಮನೆಗಳಿಗೆ ತಾರಸಿ ಹಾಕಿ ವಾರವೂ ತುಂಬಿರಲಿಲ್ಲ. ಅದೂ ಬಿಸಿಲಿನ ಮುಖವನ್ನೇ ಕಾಣದ ವಾರ. ಇನ್ನೂ ಎರಡು ವಾರ ಜಾಕಿ ಮುಟ್ಟಬಾರದು ಎಂದು ನಾನು ಹೇಳಿದ್ದಕ್ಕೆ ಕಂಟ್ರಾಕ್ಟರು ಫೋನಿನಲ್ಲೇ ಉಗಿದರು.

"ಲೋ, ನೀನು ಬಂದಿರೋದು ಕಲಿಯಕ್ಕೆ ಕಣೋ, ಕಲಿಸಕ್ಕಲ್ಲ. ಹೊಸ ಅಗ್ರಹಾರದ ಯಜಮಾನ್ರ ಮನೆ ತಾರಸಿ ಮೋಲ್ಡು ನಾಳಿದ್ದು. ಜಾಕಿ ನಿಮ್ಮಪ್ಪ ತಂದ್ಕೊಡ್ತಾನಾ?"

ನಮ್ಮಪ್ಪ ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೇಯಿಸುತ್ತಾರೆ. ಜಾಕಿ ಎಲ್ಲಿಂದ ತರಬೇಕು? ನಾನು ಬೇಡವೆಂದರೂ ಆಳುಗಳು ಜಾಕಿ ಬಿಚ್ಚಿದರು.

ಮೊದಲನೆಯ ಮನೆ ಮಾಸ್ತಮ್ಮನದು. ಮಗಳೊಂದಿಗೆ, ಇಬ್ಬರು ಮೊಮ್ಮಕ್ಕಳೊಂದಿಗೆ ಆಕೆ ಎದುರಿನ ಟಾರ್ಪಾಲಿನ ಗುಡಿಸಲಿನಲ್ಲಿದ್ದಳು. ಜಾಕಿ ಲಾರಿಗೇರುವುದನ್ನು ನೋಡಿ ಓಡಿ ಬಂದಳು.

"ಕಂಬ ಬಿಚ್ಚಿಬುಟ್ರಾ ಸಾರ್? ಅಂಗಾರೆ ಮನೆ ಆದಂಗೇಯ!"

"ಇನ್ನೂ ಕೆಲ್ಸ ಇದೆ ಮಾಸ್ತಮ್ಮ, ಈಗ್ಲೇ ಒಳಗೆ ಹೋಗ್ಬೇಡಿ," ಎಂದೆ.

"ಸುಣ್ಣಗಿಣ್ಣ ತಾನೆ? ಆಮ್ಯಾಕೆ ನಾವೇ ಬಳ್ಕತೀವಿ ಬುಡಿ."

ಸ್ವಾಮಣ್ಣ ಹಾರ್ನ್ ಹೊಡೆದ. ಲಾರಿ ಹೊರಟಿತು.

ಎಚ್.ಡಿ. ಕೋಟೆಯಲ್ಲಿ ಇಡ್ಲಿ ತಿಂದೆವು. ಚಟ್ನಿಯಲ್ಲಿ ನೀರೇ ಜಾಸ್ತಿ. "ನಿಮ್ ಕಂಟ್ರಾಕ್ಟರು ಕಲಸಿರ್ಬೇಕು ಕಣ್ಲಾ ಇದ್ನ," ಎಂದು ಸ್ವಾಮಣ್ಣ ನಕ್ಕ. ಹುಣಸೂರಿನ ತನಕ ರಸ್ತೆ ಪರವಾಗಿಲ್ಲ, ಮಳೆಯದೇ ಕಾಟ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ತಿರುಗಿ, ಅಲ್ಲಿನ ಅಂಗಡಿಮಳಿಗೆಯೊಂದರ ಕೆಲಸದಿಂದ ಉಳಿದ ಜಾಕಿಗಳನ್ನೂ ಶೀಟುಗಳನ್ನೂ ತುಂಬಿಸಿಕೊಂಡೆವು. ಊರ ಸುತ್ತ ಹೊಗೆಸೊಪ್ಪು ಬೇಯುವ ವಾಸನೆ. ಚಿಕ್ಕಂದಿನಿಂದ ಮೂಗಿಗೆ ಹತ್ತಿದ ವಾಸನೆ ಅದು. ಅಪ್ಪನಿಗೆ ಫೋನ್ ಮಾಡಲಿಲ್ಲ. "ಎಂಗದೆ ಮಗ ಕೆಲ್ಸ?" ಎಂದು ಕೇಳಿದರೆ ಏನು ಹೇಳುವುದು?

ಅಂದು ಹುಣಸೂರಿಗೆ ಮರಳಿ ಕಂಟ್ರಾಕ್ಟರ ಶೆಡ್ಡಿನಲ್ಲಿ ಮಲಗಿ, ಮರುದಿನ ಕೆ.ಆರ್. ನಗರದ ದಾರಿ ಹಿಡಿದೆವು. ಈ ಕಡೆ ಲೋಕವೇ ಬೇರೆ. ಎರಡೂ ಬದಿ ನಾಲೆಯ ನೀರು, ಹಸಿರು ಗದ್ದೆ. ಹೊಸ ಅಗ್ರಹಾರದ ಯಜಮಾನರು ದೊಡ್ಡ ಮನುಷ್ಯರು, ಒಳ್ಳೆಯ ಮನುಷ್ಯರೂ ಹೌದು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿದರು.

"ನೋಡಪ್ಪ ಇಂಜಿನಿಯರೇ, ಜಾಕಿ ಒಂದ್ ತಿಂಗ್ಳು ಇರ್ಲಿ. ಯಾರೂ ಮುಟ್ಟಂಗಿಲ್ಲ. ಮಕ್ಳುಮರಿ ಓಡಾಡೋ ಮನೆ."

ಪಕ್ಕದಲ್ಲೇ ನಿಂತಿದ್ದ ನಮ್ಮ ಕಂಟ್ರಾಕ್ಟರು, "ಎಲ್ಲಾದ್ರೂ ಉಂಟಾ ಯಜಮಾನ್ರೇ! ಅವಸರ ಮಾಡಿದ್ರೆ ಕಾಂಕ್ರೀಟ್ ಸುಮ್ನೆ ಬಿಡುತ್ತಾ?" ಎಂದರು. ಎಲಾ ಇವನ! ಹಾಡಿಯ ಕಾಂಕ್ರೀಟು ಮಾತ್ರ ಸುಮ್ಮನೆ ಬಿಡುತ್ತದೆಯೇ, ಅಲ್ಲಿ ಓಡಾಡುವವರು ಮಕ್ಕಳಲ್ಲವೇ ಎಂದು ಕೇಳಬೇಕೆನಿಸಿತು. ಕೇಳದೆ, ಜಾಕಿ ಎಣಿಸಲು ಲಾರಿಯ ಕಡೆ ನಡೆದೆ.

ಮೋಲ್ಡ್ ಹಾಕುವ ದಿನ ಮನೆಯವರು ಬಾಡೂಟ ಹಾಕುವುದು ನಮ್ಮ ಕಡೆಯ ಪದ್ಧತಿ. ಮಾರನೆಯ ದಿನ ಕಾಯಿ ಒಡೆದು ಕೆಲಸ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಹಾಡಿಯಿಂದ, ಪಿರಿಯಾಪಟ್ಟಣದಿಂದ ಬಂದ ಜಾಕಿಗಳೆಲ್ಲ ಹಸಿ ಕಾಂಕ್ರೀಟಿನ ಕೆಳಗೆ ಸಾಲಾಗಿ ನಿಂತಿದ್ದವು. ನಾನು ಮುದ್ದೆ ಮುರಿದು ಸಾರಿಗೆ ಅದ್ದುವಾಗ ಫೋನ್ ಬಂತು. ಮಾಸ್ತಮ್ಮ.

"ಸಾರ್, ಒಳಿಕ್ಕೆ ಬಂದ್ಬುಟ್ವಿ ಕಣ್ರಪ್ಪ! ಬೆಳಿಗ್ಗೆ ಹಾಲು ಉಕ್ಕುಸ್ದೋ. ಗುಡ್ಲು ಪೂರ್ತಿ ಸೋರ್ತಿತ್ತು. ನೀವೂ ಇರ್ಬೇಕಾಗಿತ್ತು."

ಆಚೆ ಬನ್ನಿ ಎನ್ನುವಷ್ಟರಲ್ಲಿ ಲೈನು ಕಡಿಯಿತು, ಮತ್ತೆ ಮಾಡಿದರೆ ಸಿಗಲಿಲ್ಲ. ಕೈ ತೊಳೆದು ಕಂಟ್ರಾಕ್ಟರಿಗೆ ಹೇಳಿದೆ. "ಏನೂ ಆಗಲ್ಲ, ಊಟ ಮಾಡು ಹೋಗು," ಎಂದು ಎಲೆಯ ಮುಂದೆ ಕೂತರು. ಸ್ವಾಮಣ್ಣನನ್ನು ಕೇಳಿದೆ. "ಹಸಿ ತಾರಸಿ ಕೆಳಗಿರೋ ಜಾಕಿ ಎಂಗ್ ಕೀಳ್ಲಿ ಮಗ?" ಎಂದ. ಆತ ಹೇಳಿದ್ದೂ ಸರಿಯೇ.

ಕೆ.ಆರ್. ನಗರದಿಂದ ಮೈಸೂರಿಗೆ, ಅಲ್ಲಿಂದ ಹಂಪಾಪುರ, ಎಚ್.ಡಿ. ಕೋಟೆಯ ಮೇಲೆ ಅಂತರಸಂತೆಗೆ ಬಸ್ಸು. ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ, ಬಸ್ಸಿನ ತುಂಬ ನಗು, ಹೂವು, ಕೈಚೀಲ. ನಾನು ಬಾಗಿಲ ಬಳಿ ಜೋತಾಡುತ್ತ ನಿಂತೇ ಬಂದೆ. ಹಂಪಾಪುರ ದಾಟಿದ ಮೇಲೆ ಮಳೆ ಜೋರಾಯಿತು. ಹಸಿ ತಾರಸಿ, ಅದರ ಮೇಲೆ ನಿಲ್ಲುವ ನೀರು, ಕೆಳಗೆ ಆ ಮಕ್ಕಳು. ಬೇರೇನೂ ತಲೆಗೆ ಬರಲಿಲ್ಲ. ಅಂತರಸಂತೆಯಲ್ಲಿ ಇಳಿದು ಆಟೋ ಹಿಡಿದು ಹಾಡಿ ಸೇರುವಾಗ ಇನ್ನೂ ಬೆಳಕಿತ್ತು.

ಮಾಸ್ತಮ್ಮ ಬಾಗಿಲಲ್ಲೇ ಕುಳಿತಿದ್ದಳು. ಹೊರಗಿನಿಂದಲೇ ಕಂಡಿತು: ತಾರಸಿಯ ನಡುವೆ ಕೂದಲೆಳೆಯ ಬಿರುಕು, ಅದರ ಉದ್ದಕ್ಕೂ ತೇವ.

"ಎಲ್ಲಾ ಆಚೆ ಬನ್ನಿ! ತಾರಸಿ ಬಿದ್ದೋಗ್ಬೋದು!"

ಆಕೆಯ ಮುಖ ಕಲ್ಲಾಯಿತು. "ಕಾಡಿಂದ್ಲೂ ಫಾರೆಸ್ಟ್ನೋರು ಇಂಗೇ ಅಂದು ನಮ್ಮನ್ನ ಎಬ್ಸುದ್ರು ಸಾರ್. ನಿಮ್ ಒಳ್ಳೇದ್ಕೇಯ ಆಚೆ ಬನ್ನಿ ಅಂತ. ಅವಾಗ ನಾನು ಕೂಸು ಎತ್ಕೊಂಡಿದ್ದೆ."

"ಅದಲ್ಲ ಮಾಸ್ತಮ್ಮ, ಕಾಂಕ್ರೀಟ್ ಗಟ್ಟಿಯಾಗಿಲ್ಲ."

"ಗಟ್ಟಿಯಾಗ್ದೆ ಕಂಬ ಬಿಚ್ತಾರಾ? ನೀವೇ ನಿಂತ್ಕಂಡಿದ್ರಲ್ಲ."

ಮತ್ತೆ ನಿಲ್ಲಿಸಲು ಒಂದು ಜಾಕಿಯೂ ನನ್ನ ಬಳಿ ಇರಲಿಲ್ಲ. ಸುತ್ತ ಇಷ್ಟು ಕಾಡಿದ್ದೂ ತಾರಸಿಗೆ ಆಸರೆ ಕೊಡಲು ಒಂದು ಗಳ ಕಡಿದರೆ ಇವರ ಮೇಲೆ ಕೇಸು. ನಾನು ಮಳೆಯಲ್ಲಿ ನಿಂತೇ ಇದ್ದೆ. ಆಕೆಯ ಮಗಳು ಟೀ ತಂದು ಹೊಸ್ತಿಲ ಒಳಗೇ ನಿಂತಳು.

"ಒಳಿಕ್ಕೆ ಬನ್ನಿ ಸಾರ್, ನೆನೀತೀರ," ಎಂದಳು ಮಾಸ್ತಮ್ಮ. ನಾನು ಕದಲಲಿಲ್ಲ. ಆಕೆ ನನ್ನ ಕಾಲನ್ನು ನೋಡಿದಳು, ಹೊಸ್ತಿಲನ್ನು ನೋಡಿದಳು. ದನಿ ತಗ್ಗಿತು. "ಓ. ನಮ್ ಮನೆ ಒಳಿಕ್ಕೆ ಬರಕಿಲ್ವಾ? ಅದ್ಕೇಯಾ? ಬುಡಿ, ಗೊತ್ತಾಯ್ತು."

ಅಯ್ಯೋ ದೇವರೇ. ಅದಕ್ಕಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಒಳಗೆ ಹೋದೆ. ಬಿರುಕಿನ ಕೆಳಗೇ ಚಾಪೆ ಹಾಸಿದರು. ಕೂತು ಟೀ ಗಟಗಟ ಕುಡಿದೆ.

"ಈಗ್ಲಾದ್ರೂ ನಂಬಿ. ನಂಗೆ ಜಾತಿಗೀತಿ ಇಲ್ಲ. ಇದ್ದಿದ್ದು ಹೆದ್ರಿಕೆ. ಬನ್ನಿ ಆಚೆ."

ಮಾಸ್ತಮ್ಮ ಬಾಯ್ತುಂಬ ನಕ್ಕಳು. "ಎದ್ರಿಕೆ ಇದ್ದೋರು ಒಳಿಕ್ಕೆ ಬತ್ತಿದ್ರಾ ಸಾರ್?"

ಆಮೇಲೆ ಬಾಗಿಲಿಗೆ ಹೋಗಿ, ತಮ್ಮ ಮಾತಿನಲ್ಲಿ ಪಕ್ಕದ ಗುಡಿಸಲಿಗೆ ಏನೋ ಕೂಗಿ ಹೇಳಿದಳು. ಇಂಜಿನಿಯರ್ ಎಂಬ ಒಂದು ಪದ ನನಗೆ ತಿಳಿಯಿತು. ಅಲ್ಲಿಯವರೆಗೂ ಅನುಮಾನಿಸಿ ಟಾರ್ಪಾಲಿನ ಕೆಳಗೆ ಮುದುರಿ ಕುಳಿತಿದ್ದ ಆ ಗುಡಿಸಲಿನ ಹೆಂಗಸು ಕೂಸನ್ನು ಸೊಂಟಕ್ಕೇರಿಸಿ, ಚಾಪೆ ಕಂಕುಳಲ್ಲಿ ಹಿಡಿದು ಎದ್ದಳು. ನಾನು ಮಳೆಯಲ್ಲಿ ಓಡಿದೆ, ಕೂಗಿದೆ, ಕೈ ಮುಗಿದೆ. ಅಷ್ಟರಲ್ಲಿ ಆಕೆ ತನ್ನ ಹೊಸ ತಾರಸಿಯ ಕೆಳಗೆ ನಿಂತು, ತಲೆ ಒರೆಸಿಕೊಳ್ಳುತ್ತ ನನ್ನನ್ನೇ ಕರೆಯುತ್ತಿದ್ದಳು.

"ಬನ್ನಿ ಸಾರ್, ನಮ್ಮನೇಲೂ ಒಂದ್ ಲೋಟ ಟೀ ಕುಡಿರಿ."